ಮನೆ ಇಲ್ಲದವರಿಗೆ ಊರಲ್ಲೊಂದು ಮನೆ ಮಾಡುವ ಬಗೆ

ತುಮಕೂರು ಜಿಲ್ಲೆಯ ನಾಲ್ಕಾರು ಊರುಗಳ ಪುರಸಭೆ, ನಗರಸಭೆಗಳಲ್ಲಿ ಸಮುದಾಯ ಸಂಘಟಕಿಯಾಗಿ ದುಡಿದು ನಿವೃತ್ತಿಯಾದವಳು ನಾನು. ಈಗ ತುಮಕೂರಲ್ಲೇ ಇದ್ದೇನೆ. ಹೊಸದಾಗಿ ಗೆದ್ದ ಕೌನ್ಸಿಲರ್‌ಗಳು, ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು ಈಗಲೂ ಫೋನ್ ಮಾಡ್ತಾರೆ. "ಅಕ್ಕ, ನಮ್ಮೂರಲ್ಲೂ ವಸತಿರಹಿತರಿಗೆ ಏನಾದ್ರೂ ಮಾಡಣ ಅಂತ, ಎಲ್ಲಿಂದ ಶುರು ಮಾಡೋದು?" ಹೇಳಿ ಹೇಳಿ ಗಂಟಲು ಒಣಗಿತು. ಬರೆದಿಟ್ಟರೆ ಮುಂದಿನ ಸಲ ಕಳಿಸಿಬಿಡಬಹುದು ಅಂತ ಕೂತಿದ್ದೇನೆ.

ಮೊದಲು ನಾನೇ ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ಒಂದೂರಲ್ಲಿ (ಹೆಸರು ಬೇಡ) 50 ಜನರ ಆಶ್ರಯ ಕೇಂದ್ರಕ್ಕೆ ಕಡತ ತಯಾರಿಸಿದ್ದು ನಾನು. ಊರಾಚೆ ಸರ್ಕಾರಿ ಜಾಗ ಖಾಲಿ ಇತ್ತು, ತಕರಾರಿಲ್ಲ, ಅಲ್ಲೇ ಆಗಲಿ ಅಂದೆ. ಕಟ್ಟಡ ಎದ್ದಿತು, ಕಬ್ಬಿಣದ ಮಂಚ ಬಂದವು, ಟೇಪು ಕತ್ತರಿಸಿದ್ದೂ ಆಯಿತು. ಮೊದಲ ರಾತ್ರಿ ಏಳು ಜನ ಬಂದರು. ಐದನೇ ರಾತ್ರಿ ಮೂವರು. ಆಮೇಲೆ ಕಾವಲಿಗಿದ್ದವನೊಬ್ಬನೇ.

ಬೆಳಗಿನ ಜಾವ ಮಾರ್ಕೆಟ್ ಹತ್ತಿರ ಹೋಗಿ, ಗೋಣಿಚೀಲದ ಮೇಲೆ ಮಲಗಿದ್ದ ಹಮಾಲಿಯೊಬ್ಬರನ್ನು ಎಬ್ಬಿಸಿ ಕೇಳಿದೆ: ಅಣ್ಣ, ಮಂಚ ಹಾಕ್ಸಿದೀವಲ್ಲ, ಯಾಕೆ ಬರಲ್ಲ? ಅವರು ಎದ್ದು ಕೂತು ಬೀಡಿ ಹಚ್ಚಿದರು. "ಮೂರು ಗಂಟೆಗೆ ಈರುಳ್ಳಿ ಲಾರಿ ಬತ್ತದೆ ಮೇಡಮ್ಮೋರೆ. ಅಲ್ಲೋಗಿ ಮಂಚದ ಮ್ಯಾಲೆ ಮಲೀಕೊಂಡ್ರೆ ಲೋಡು ಇಳ್ಸೋಕೆ ಇನ್ಯಾರೋ ನುಗ್ತಾರೆ. ನಂಗೆ ಮಂಚ ಮುಖ್ಯವೋ ಲೋಡು ಮುಖ್ಯವೋ?" ಕಡತದಲ್ಲಿ ನಲವತ್ತು ಪುಟ ಇತ್ತು. ಈ ಒಂದು ಮಾತು ಅದರಲ್ಲಿ ಇರಲಿಲ್ಲ, ಯಾಕೆಂದರೆ ಬರೆಯುವ ಮುಂಚೆ ನಾನು ಒಬ್ಬರನ್ನೂ ಕೇಳಿರಲಿಲ್ಲ.

ಹಾಗಾಗಿ ಶುರು ಮಾಡಬೇಕಾದದ್ದು ಜಾಗ ಹುಡುಕುವುದರಿಂದ ಅಲ್ಲ, ರಾತ್ರಿ ಎಣಿಕೆಯಿಂದ.

ರಾತ್ರಿ ಎಣಿಕೆ

ಜನಗಣತಿಯವರಿಗೂ ಇದೇ ದಾರಿ. 2011ರಲ್ಲಿ ಫೆಬ್ರವರಿ 28ರ ರಾತ್ರಿ ದೇಶದುದ್ದಕ್ಕೂ ಮನೆ ಇಲ್ಲದವರನ್ನು ಎಣಿಸಿದರು. 17.73 ಲಕ್ಷ ಜನ ಸಿಕ್ಕರು. ರಸ್ತೆಬದಿ, ಫುಟ್‌ಪಾತ್, ಹ್ಯೂಮ್ ಪೈಪು, ಫ್ಲೈಓವರ್ ಕೆಳಗೆ, ಮೆಟ್ಟಿಲ ಸಂದಿ, ಗುಡಿಯ ಪ್ರಾಂಗಣ, ರೈಲ್ವೆ ಪ್ಲಾಟ್‌ಫಾರಂ, ಇಂಥ ಕಡೆ ಬಯಲಲ್ಲಿ ಬದುಕುವವರೆಲ್ಲ ಅವರ ಲೆಕ್ಕದಲ್ಲಿ ವಸತಿರಹಿತರು. ನೀವೂ ಆ ವ್ಯಾಖ್ಯೆಯನ್ನೇ ಹಿಡಿಯಿರಿ, ಆಮೇಲೆ ಯಾರೂ "ಇವರು ಲೆಕ್ಕಕ್ಕೆ ಬರಲ್ಲ" ಅನ್ನುವ ಹಾಗಿಲ್ಲ. ಆದರೆ ಒಂದೇ ರಾತ್ರಿಗೆ ನಿಲ್ಲಿಸಬೇಡಿ. ಮೂರು ರಾತ್ರಿ ಹೋಗಿ: ವಾರದ ನಡುವಿನ ರಾತ್ರಿ ಒಂದು, ಸಂತೆಯ ಹಿಂದಿನ ರಾತ್ರಿ ಒಂದು, ಮಳೆ ಬಂದ ರಾತ್ರಿ ಒಂದು. ಮಳೆ ಬಂದಾಗ ಜನ ಎಲ್ಲಿ ಸೇರುತ್ತಾರೆ ಅನ್ನುವುದೇ ಬೇರೆ ನಕ್ಷೆ. ತುಮಕೂರಿನವರಾದರೆ ಶಿವರಾತ್ರಿ ಹೊತ್ತಿಗೆ ಎಣಿಸಬೇಡಿ. ಸಿದ್ಧಗಂಗಾ ಜಾತ್ರೆಗೆ ಬಂದ ಅರ್ಧ ಜಿಲ್ಲೆ ಕ್ಯಾತಸಂದ್ರದ ಸುತ್ತ ಬಯಲಲ್ಲೇ ಮಲಗಿರುತ್ತದೆ.

ಹೊರಡುವುದು ಹನ್ನೊಂದರ ಮೇಲೆ, ಅಂಗಡಿ ಶಟರ್ ಇಳಿದ ಮೇಲೆ. ನಮ್ಮೂರಲ್ಲಿ ನಾನಾದರೆ ಬಸ್ ಸ್ಟ್ಯಾಂಡಿನಿಂದ ಶುರು ಮಾಡಿ ಅಶೋಕ ರಸ್ತೆಯ ಅಂಗಡಿ ಕಟ್ಟೆಗಳು, ಜಿಲ್ಲಾಸ್ಪತ್ರೆ ಕಾಂಪೌಂಡು, ಮಂಡಿಪೇಟೆ, ರೈಲ್ವೆ ಸ್ಟೇಷನ್ ನೋಡಿಕೊಂಡು ಬೆಳಗಿನ ಜಾವಕ್ಕೆ ಅಂತರಸನಹಳ್ಳಿ ಮಾರ್ಕೆಟ್ ಮುಟ್ಟುತ್ತೇನೆ. ಆಸ್ಪತ್ರೆ ಕಾಂಪೌಂಡಿನಲ್ಲಿ ಚಾಪೆ ಹಾಸಿದವರಲ್ಲಿ ಬಹಳಷ್ಟು ಜನ ರೋಗಿಗಳ ಕಡೆಯವರು. ಮನೆ ಇದೆ, ವಾರಕ್ಕೆ ವಾಪಸು ಹೋಗುತ್ತಾರೆ. ಅವರನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಅವರಿಗೂ ಜಾಗ ಬೇಕು, ಆದರೆ ಅದು ಬೇರೆ ಕೆಲಸ.

ಜೀಪು ಬೇಡ. ಖಾಕಿ ಬೇಡವೇ ಬೇಡ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಬೀದಿಯಲ್ಲಿ ಮಲಗುವವರಿಗೆ ಸೆಕ್ಷನ್ನು ಗೊತ್ತಿರುವುದಿಲ್ಲ, ಭಿಕ್ಷುಕರು ಅಂತ ಹಿಡಿದೊಯ್ಯುವ ವ್ಯಾನು ಗೊತ್ತಿರುತ್ತದೆ. ರಾತ್ರಿ ಹೊತ್ತು ಜೀಪು ನಿಂತರೆ ವ್ಯಾನು ಬಂತು ಅಂತ ಚೀಲ ಎತ್ತಿಕೊಂಡು ಕತ್ತಲಿಗೆ ಓಡುತ್ತಾರೆ. ಇಬ್ಬರು ಹೆಂಗಸರು, ಒಬ್ಬ ಗಂಡಸು, ಒಂದು ಟಾರ್ಚು, ಒಂದು ಫ್ಲಾಸ್ಕು ಟೀ, ಅಷ್ಟು ಸಾಕು. ಟಾರ್ಚನ್ನು ಮುಖಕ್ಕೆ ಬಿಡಬಾರದು, ನೆಲಕ್ಕೆ ಬಿಡಬೇಕು. ಫೋಟೋ ತೆಗೆಯಬಾರದು. ತಂಡದಲ್ಲಿ ಒಬ್ಬರಿಗೆ ತೆಲುಗು, ಒಬ್ಬರಿಗೆ ಉರ್ದು ಬರಲಿ. ಪಾವಗಡ, ಮಡಕಶಿರಾ ಕಡೆಯಿಂದ ಬಂದವರು ಕಷ್ಟ ಹೇಳಿಕೊಳ್ಳುವುದು ತೆಲುಗಲ್ಲಿ.

ಇನ್ನೊಂದು ಗುಟ್ಟು. ಯಾರು ಎಲ್ಲಿ ಮಲಗುತ್ತಾರೆ ಅನ್ನುವುದು ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ದಿನಾ ಬೆಳಗ್ಗೆ ಅವರನ್ನು ಎಬ್ಬಿಸಿ ಕಸ ಹೊಡೆಯುವವರು ಇವರೇ ತಾನೇ. ಎಣಿಕೆಗೆ ಮುಂಚೆ ಅವರ ಜೊತೆ ಅರ್ಧ ಗಂಟೆ ಕೂತರೆ ಮೂರು ರಾತ್ರಿಯ ಕೆಲಸ ಎರಡಕ್ಕೆ ಮುಗಿಯುತ್ತದೆ.

ಕೇಳಬೇಕಾದದ್ದು ಹೆಚ್ಚಿಲ್ಲ. ಏನಂತ ಕರೀಬೇಕು, ಎಷ್ಟು ದಿನದಿಂದ ಇಲ್ಲಿ, ಏನು ಕೆಲಸ ಮತ್ತು ಎಷ್ಟು ಹೊತ್ತಿಗೆ, ಮಾತ್ರೆ ಏನಾದರೂ ತಗೊಳ್ಳೋದಿದೆಯಾ, ಆಧಾರ್ ಇದೆಯಾ, ಜೊತೆಗೆ ಯಾರಿದ್ದಾರೆ. ಕೊನೆಯದಾಗಿ, ರಾತ್ರಿ ಮಲಗುವಾಗ ಯಾವುದಕ್ಕೆ ಭಯ? ಮಂಚ ಇಲ್ಲ ಅಂತ ನನಗೆ ಒಬ್ಬರೂ ಹೇಳಲಿಲ್ಲ. "ಚೀಲ ಕದೀತಾರೆ" ಅಂದವರೇ ಎಲ್ಲ.

ಅಳತೆ

ನಿಮ್ಮ ಎಣಿಕೆಯನ್ನು ಸರ್ಕಾರದ ಅಳತೆಯ ಪಕ್ಕ ಇಡಿ. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ (ಆಫೀಸಿನಲ್ಲಿ ನಾವು 'ನಲ್ಮ್' ಅನ್ನುತ್ತಿದ್ದದ್ದು ಇದನ್ನೇ) ಹೇಳಿದ್ದು ಇಷ್ಟು: ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಕಾಯಂ ಆಶ್ರಯ, ಒಂದು ಕೇಂದ್ರದಲ್ಲಿ 50ರಿಂದ 100 ಜನ, ತಲೆಗೆ 50 ಚದರಡಿ. ಇಪ್ಪತ್ನಾಲ್ಕು ಗಂಟೆ, ವರ್ಷಪೂರ್ತಿ ತೆರೆದಿರಬೇಕು. ಅಡುಗೆಮನೆ, ಗ್ಯಾಸು, ನೀರು, ಶೌಚಾಲಯ, ಬೆಂಕಿ ಆರಿಸುವ ವ್ಯವಸ್ಥೆ ಎಲ್ಲ ಇರಬೇಕು. 2011ರ ಗಣತಿಯಲ್ಲೇ ತುಮಕೂರು ಮೂರು ಲಕ್ಷ ದಾಟಿತ್ತು, ಅಂದರೆ 300 ಜನರ ಜಾಗ. ಕೋಲಾರ 1.38 ಲಕ್ಷ. ಚಿಕ್ಕಬಳ್ಳಾಪುರ ಲಕ್ಷ ಮುಟ್ಟಿರಲಿಲ್ಲ, ಆದರೆ ಜಿಲ್ಲಾ ಕೇಂದ್ರವಾದ್ದರಿಂದ ಅದಕ್ಕೂ ಅನ್ವಯವಾಗುತ್ತಿತ್ತು. "ನಮ್ಮೂರು ಸಣ್ಣದು" ಅನ್ನುವವರಿಗೆ ಇದನ್ನು ತೋರಿಸಿ. ಯೋಜನೆಗಳ ಹೆಸರು ಬದಲಾಗುತ್ತಿರುತ್ತದೆ. ಅಳತೆಗಳನ್ನು ನಿಮ್ಮ ಠರಾವಿನಲ್ಲಿ ಬರೆದುಬಿಟ್ಟರೆ ಅವು ನಿಮ್ಮವು.

ಹಣದ ಲೆಕ್ಕವನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. 50 ಜನರ ಕೇಂದ್ರದ ನಿರ್ವಹಣೆಗೆ ಆ ಮಾರ್ಗಸೂಚಿ ಇಟ್ಟದ್ದು ವರ್ಷಕ್ಕೆ 6 ಲಕ್ಷ, ತಿಂಗಳಿಗೆ 50 ಸಾವಿರ. ಅದರಲ್ಲೇ ಒಬ್ಬ ಮ್ಯಾನೇಜರು, ಎಂಟೆಂಟು ಗಂಟೆ ಪಾಳಿಯ ಮೂವರು ನೋಡಿಕೊಳ್ಳುವವರು. ನಾಲ್ವರಿಗೆ ಹತ್ತತ್ತು ಸಾವಿರ ಕೊಟ್ಟರೂ ಉಳಿಯುವುದು ಹತ್ತು. ಕರೆಂಟು, ಫಿನಾಯಿಲು, ಹೊದಿಕೆ ಒಗೆಸುವುದು ಅದರಲ್ಲಿ ಹೇಗೆ ಆಗುತ್ತದೆ ನೀವೇ ಹೇಳಿ. ಕಡಿಮೆ ಬೀಳುವ ದುಡ್ಡನ್ನು ಸ್ಥಳೀಯ ಸಂಸ್ಥೆಯೇ ತುಂಬಬೇಕು, ತುಂಬುವ ದಾರಿ ಇದೆ: ಪರಿಶಿಷ್ಟರಿಗೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5ರ ಮೀಸಲು ಅನುದಾನ. ನಿಮ್ಮ ಎಣಿಕೆಯ ಹಾಳೆಯಲ್ಲಿ ಈ ಮೂರೂ ಬಗೆಯವರು ಇದ್ದೇ ಇರುತ್ತಾರೆ. ತಲೆ ಲೆಕ್ಕದಲ್ಲಿ ಹಂಚಿ ತೋರಿಸಿದರೆ ಅಕೌಂಟೆಂಟ್ ಕೂಡ ತಲೆಯಾಡಿಸುತ್ತಾರೆ. ಮನೆ ತೆರಿಗೆ ರಸೀದಿಯಲ್ಲಿ ಶೇ. 3ರ ಭಿಕ್ಷುಕರ ಕರ ಇರುತ್ತದಲ್ಲ, ಅದನ್ನು ನೋಡಿ ಆಸೆಪಡಬೇಡಿ. ಅದು ಭಿಕ್ಷುಕರ ಪುನರ್ವಸತಿ ನೋಡಿಕೊಳ್ಳುವ ರಾಜ್ಯದ 'ಕೇಂದ್ರ ಪರಿಹಾರ ಸಮಿತಿ'ಗೆ ಹೋಗುವ ದುಡ್ಡು.

ಬಜೆಟ್ ಮಂಡನೆಯಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಎಣಿಕೆ ದೀಪಾವಳಿ ಹೊತ್ತಿಗೆ ಮುಗಿದಿರಬೇಕು. ಸಾರ್ವಜನಿಕರ ಪೂರ್ವಭಾವಿ ಸಭೆಯಲ್ಲಿ ಎದ್ದುನಿಂತು ಹೇಳಬೇಕು, ಹೇಳಿದ್ದು ನಡಾವಳಿಯಲ್ಲಿ ಬಂತಾ ಅಂತ ನೋಡಬೇಕು. ಬಂದಿಲ್ಲದಿದ್ದರೆ ಲಿಖಿತ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಕಟ್ಟಡ

ಹೊಸದು ಕಟ್ಟುವ ಹಟ ಬೇಡ. ಮುಚ್ಚಿದ ಶಾಲೆ, ಪಾಳುಬಿದ್ದ ಕ್ವಾರ್ಟರ್ಸ್, ಮದುವೆ ಇಲ್ಲದೆ ಬಣಗುಟ್ಟುವ ಸಮುದಾಯ ಭವನ, ಯಾವುದಾದರೂ ಆಗಲಿ, ಜನ ಈಗ ಮಲಗುವ ಜಾಗದಿಂದ ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿರಲಿ. ಎರಡು ಬಾಗಿಲು ಇರಲೇಬೇಕು, ಬೆಂಕಿ ಬಿದ್ದರೆ ಒಂದೇ ಬಾಗಿಲಿನ ಹಾಲ್ ಬೋನಾಗುತ್ತದೆ. ಹೆಂಗಸರಿಗೆ ಬೇರೆ ಕಟ್ಟಡ. ತಡಿಕೆ ಅಡ್ಡ ಇಟ್ಟು ಅದೇ ಹಾಲನ್ನು ಭಾಗ ಮಾಡುತ್ತೇವೆ ಅಂತ ಯಾರಾದರೂ ಎಂಜಿನಿಯರ್ ಹೇಳಿದರೆ, ನಿಮ್ಮ ಮನೆ ಹೆಣ್ಣುಮಕ್ಕಳನ್ನು ಅಲ್ಲಿ ಮಲಗಿಸ್ತೀರಾ ಸಾರ್ ಅಂತ ಕೇಳಿ. ನಾನು ಕೇಳಿದ್ದೇನೆ. ಡ್ರಾಯಿಂಗ್ ಬದಲಾಯಿತು.

ಗೇಟು ಹತ್ತು ಗಂಟೆಗೆ ಹಾಕುವ ಕೇಂದ್ರ ಹೋಟೆಲ್ ಕ್ಲೀನರ್‌ಗಳಿಗೆ ಇಲ್ಲದಂತೆಯೇ. ಅವರ ಕೆಲಸ ಮುಗಿಯುವುದು ಹನ್ನೆರಡಕ್ಕೆ. ಹಮಾಲಿಗಳು ಎದ್ದು ಹೋಗುವುದು ಮೂರಕ್ಕೆ. ಪಾಳಿಯವರು ಎದ್ದು ಬಾಗಿಲು ತೆಗೆಯಬೇಕು, ಗೊಣಗದೆ.

ಇನ್ನು ಪೆಟ್ಟಿಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನಮ್ಮ ಕೇಂದ್ರಕ್ಕೆ ಮೊದಲ ವಾರ ಒಬ್ಬ ಅಜ್ಜಿ ಬಂದಿದ್ದರು, ಚಿಂದಿ ಆಯುವವರು. ಎರಡು ಚೀಲ. ಒಂದನ್ನು ತಲೆಗಿಟ್ಟು, ಇನ್ನೊಂದರ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮಲಗಿದರು. ಬೆಳಗ್ಗೆ ಎರಡನ್ನೂ ಹೊತ್ತು ಹೋದರು, ಮತ್ತೆ ಬರಲಿಲ್ಲ. ಹೊರಗೆ ಮಲಗುತ್ತಿದ್ದ ಕಟ್ಟೆಯ ಅಂಗಡಿಯವರು ಒಂದು ಚೀಲವನ್ನು ಹಗಲೆಲ್ಲ ಒಳಗಿಟ್ಟುಕೊಳ್ಳುತ್ತಿದ್ದರಂತೆ. ನಾವು ಕೊಟ್ಟ ಛಾವಣಿಗಿಂತ ಅದು ಅವರಿಗೆ ದೊಡ್ಡದು. ಆಮೇಲೆ ನಾನು ತಲೆಗೊಂದರಂತೆ ತಗಡಿನ ಪೆಟ್ಟಿಗೆ ಮಾಡಿಸಿದೆ: ಎರಡಡಿ ಉದ್ದ, ಚಿಲಕದ್ದು, ಮಂಚದ ಕಾಲಿಗೆ ಸರಪಳಿ. ಬೀಗ ನಾವು ಕೊಡಲಿಲ್ಲ, ಅವರೇ ತಂದು ಹಾಕಿಕೊಳ್ಳಲಿ ಅಂದೆವು. ಕೊಟ್ಟ ಬೀಗಕ್ಕೆ ಆಫೀಸಿನಲ್ಲಿ ಇನ್ನೊಂದು ಕೀ ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ಎರಡನೇ ಸಲ ಅಜ್ಜಿ ಬಂದಾಗ ಪೆಟ್ಟಿಗೆಯನ್ನು ಬಡಿದು ನೋಡಿದರು, ಮುಚ್ಚಳ ಎತ್ತಿ ಇಳಿಸಿ ನೋಡಿದರು, ಅಂಗಡಿಯಿಂದ ಬೀಗ ತಂದು ಹಾಕಿ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಅಕ್ಕಪಕ್ಕದವರ ತಕರಾರು ಬರುತ್ತದೆ. ಕುಡುಕರು ಸೇರ್ತಾರೆ, ಹೆಣ್ಣುಮಕ್ಕಳು ಓಡಾಡೋದು ಹೇಗೆ, ಸೈಟಿನ ರೇಟು ಬೀಳುತ್ತೆ. ಠರಾವು ಆಗುವ ಮುಂಚೆಯೇ ಬೀದಿಯವರನ್ನು ಕೂರಿಸಿ ಮಾತಾಡಿ. ವೇದಿಕೆ, ಮೈಕು ಬೇಡ, ಮೈಕು ಸಿಕ್ಕರೆ ಎಲ್ಲರೂ ಮುಖಂಡರೇ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಬೀದಿಯ ಇಬ್ಬರು ಹಿರಿಯರು ನಿಮ್ಮ ಪಕ್ಕ ಕೂತಿದ್ದರೆ ಅರ್ಧ ಕೆಲಸ ಆದಂತೆ. ಅವರಲ್ಲಿ ಒಬ್ಬರನ್ನು ಕೇಂದ್ರದ ಸಮಿತಿಗೆ ಹಾಕಿಕೊಳ್ಳಿ. ಕೇಂದ್ರದಲ್ಲಿ ಮಲಗುವವರಲ್ಲಿ ಇಬ್ಬರಾದರೂ ಆ ಸಮಿತಿಯಲ್ಲಿರಲಿ.

ಕಾಗದಪತ್ರ

ಛಾವಣಿ ಕೊಟ್ಟ ಮಾರನೇ ದಿನದಿಂದಲೇ ಇದನ್ನು ಹಿಡಿಯಿರಿ. ವೋಟರ್ ಪಟ್ಟಿಗೆ ಸೇರಲು ವಸತಿರಹಿತರಿಗೆ ವಿಳಾಸದ ದಾಖಲೆ ಬೇಡ. ಅರ್ಜಿಯಲ್ಲಿ ಬರೆದ ಜಾಗಕ್ಕೆ ಬೂತ್ ಮಟ್ಟದ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು, ಅವರು ಅಲ್ಲೇ ಮಲಗುತ್ತಾರೆ ಅಂತ ನೋಡಿದರೆ ಸಾಕು. ಎಷ್ಟೋ ಬಿಎಲ್‌ಒಗಳಿಗೇ ಇದು ಗೊತ್ತಿರುವುದಿಲ್ಲ, ಚುನಾವಣಾ ಆಯೋಗದ ಸೂಚನೆಯ ಪ್ರತಿ ಕೈಯಲ್ಲಿಟ್ಟುಕೊಳ್ಳಿ. ಆಧಾರ್‌ಗೆ ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರ ಪ್ರಮಾಣಪತ್ರ ನಡೆಯುತ್ತದೆ. ಆಧಾರ್ ಆದರೆ ಬ್ಯಾಂಕು, ಬ್ಯಾಂಕು ಆದರೆ ಪಿಂಚಣಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ. ಆ ದುಡ್ಡು ಅವರದು. ಮಲಗಿದ್ದಕ್ಕೆ ಶುಲ್ಕ ತೆಗೆದುಕೊಳ್ಳಲೇಬೇಕು ಅಂತ ಸಮಿತಿ ಅಂದರೂ ಆದಾಯದ ಹತ್ತರಲ್ಲೊಂದು ಪಾಲು ಮೀರಬಾರದು.

ದೊಡ್ಡ ಹಾಲ್‌ನಿಂದ ಮನೆಗೆ

ಇದೇ ನನಗೆ ಮುಖ್ಯ ಅನಿಸುವ ಭಾಗ, ಆದರೆ ಕಡತಗಳಲ್ಲಿ ಇದು ಇರುವುದೇ ಇಲ್ಲ. ಹಮಾಲಿಗಳಿಗೆ, ಹೋಟೆಲಿನವರಿಗೆ ಆಶ್ರಯ ಕೇಂದ್ರದ ದೊಡ್ಡ ಹಾಲ್ ನಡೆಯುತ್ತದೆ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಮನಸ್ಸು ಕೆಟ್ಟು ಬೀದಿಗೆ ಬಿದ್ದು ಚಿಕಿತ್ಸೆಯಿಂದ ಸರಿಯಾದವರಿಗೆ ನಡೆಯುವುದಿಲ್ಲ. ಐವತ್ತು ಜನರ ನಡುವೆ ಅವರು ಮತ್ತೆ ಹದಗೆಡುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಕಲಂ ನೋಡಿ. ಮನೆಯವರಿಲ್ಲ, ಮನೆಯವರು ಸೇರಿಸುತ್ತಿಲ್ಲ, ಅಥವಾ ಮನೆಯೇ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಅಂಥವರಿಗೆ ಗುಂಪು ಮನೆ, ಹಾಫ್‌ವೇ ಹೋಂ (ಆಸ್ಪತ್ರೆ ಬಿಟ್ಟ ಮೇಲೆ ಕೆಲಕಾಲ ಇರುವ ನಡುದಾರಿ ಮನೆ) ಒದಗಿಸುವುದು ಸರ್ಕಾರದ ಹೊಣೆ. 100ನೇ ಕಲಂ ಪೊಲೀಸರಿಗೆ: ಅಲೆದಾಡುವ ಅಸ್ವಸ್ಥರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡಲೇಬಾರದು. ಚೆನ್ನೈನ ದಿ ಬಾನ್ಯನ್ ಸಂಸ್ಥೆ 2015ರಿಂದ 'ಹೋಮ್ ಅಗೇನ್' ಅಂತ ನಡೆಸುತ್ತಿರುವುದು ಇದೇ ರೀತಿ. ಸಾಮಾನ್ಯ ಬೀದಿಯಲ್ಲಿ ಬಾಡಿಗೆ ಮನೆ, ನಾಲ್ಕೈದು ಜನ, ಜೊತೆಗೆ ನೆರವಿಗೊಬ್ಬರು.

ನಾವು ಒಂದು ಮನೆ ಮಾಡಿದೆವು, ಮೂವರು ಹೆಂಗಸರಿಗೆ. ಮನೆ ಸಿಗುವುದೇ ಕಷ್ಟ. ಓನರ್‌ಗಳ ಮೊದಲ ಪ್ರಶ್ನೆ "ಯಾವ ಜನ?" ಎರಡನೆಯದು "ಗಂಡಸರು ಯಾರಿದ್ದಾರೆ?" ಹದಿನಾಲ್ಕು ಮನೆ ನೋಡಿದ ಮೇಲೆ ಒಬ್ಬ ವಿಧವೆ ಓನರಮ್ಮ ಒಪ್ಪಿದರು. ಕರಾರನ್ನು ಒಕ್ಕೂಟದ ಹೆಸರಲ್ಲಿ ಮಾಡಿಸಿದೆವು. ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನ ಹೊರತಾಗಿ ಬ್ಯಾಂಕಿನಲ್ಲಿ ಇಟ್ಟೆವು, ಯಾಕೆಂದರೆ ಅನುದಾನ ಬರುವುದು ತಡ, ಬಾಡಿಗೆಗೆ ಐದನೇ ತಾರೀಕು. ಈ ಮೂರು ತಿಂಗಳ ಗಂಟು ಇಲ್ಲದೆ ಗುಂಪು ಮನೆಗೆ ಕೈ ಹಾಕಬೇಡಿ.

ಕೀ ಮೂರು ಮಾಡಿಸಿ ಮೂವರಿಗೂ ಕೊಟ್ಟೆ. ಮೊದಲ ರಾತ್ರಿ ನಾನೂ ಅಲ್ಲೇ ಮಲಗಿದ್ದೆ. ಮೂವರಲ್ಲಿ ಹಿರಿಯರು ಅಗುಳಿ ಹಾಕಿದ್ದಾರಾ ಅಂತ ನೋಡಲು ನಾಲ್ಕು ಸಲ ಎದ್ದರು. ಐದನೇ ಸಲ ಎದ್ದು, ಬಾಗಿಲು ತೆಗೆದು, ಹೊರಗೆ ಹೋಗಿ, ಕೀ ಹಾಕಿ ತಾವೇ ಮತ್ತೆ ತೆಗೆದು ಒಳಗೆ ಬಂದು ಮಲಗಿದರು. ಬೆಳಗ್ಗೆ ಸಾರಿನ ಜಗಳ. ಒಬ್ಬರಿಗೆ ಹುಳಿ ಬೇಕು, ಒಬ್ಬರಿಗೆ ಬೇಡ, ಇನ್ನೊಬ್ಬರು "ಅವಳು ಮುಟ್ಟಿದ ಪಾತ್ರೆ" ಅಂತ ಮೂತಿ ತಿರುಗಿಸಿದರು. ಜಾತಿ ಬೀದಿಯಲ್ಲೂ ಬಿಟ್ಟಿರಲಿಲ್ಲ ನೋಡಿ. ಇದಕ್ಕೆ ನಾನು ಭಾಷಣ ಮಾಡಲಿಲ್ಲ. ಮುದ್ದೆ ಕೋಲು ಒಂದೇ ಇದೆ, ಪಾಳಿ ಹಾಕಿಕೊಳ್ಳಿ, ಪಾಳಿ ತಪ್ಪಿದವರಿಗೆ ಅವತ್ತು ಇಂದಿರಾ ಕ್ಯಾಂಟೀನ್ ಅಂದೆ. ಎರಡು ದಿನ ಒಬ್ಬರು ಹತ್ತು ರೂಪಾಯಿ ಊಟಕ್ಕೆ ನಡೆದರು. ಮೂರನೇ ದಿನ ಬಿಸಿಲು ಜಾಸ್ತಿ ಇತ್ತು, ಮನೆಯಲ್ಲೇ ಉಂಡರು.

ನೆರವಿನ ಕಾರ್ಯಕರ್ತೆ ಮೊದಲ ಮೂರು ತಿಂಗಳು ದಿನಾ ಹೋಗಬೇಕು, ಆಮೇಲೆ ವಾರಕ್ಕೆರಡು ಸಲ. ಆಕೆ ಅಡುಗೆ ಮಾಡಿಕೊಡುವವಳಲ್ಲ. ಮಾತ್ರೆ ಡಬ್ಬಿ ಖಾಲಿಯಾಗಿದೆಯಾ, ನಿದ್ದೆ ಹೇಗಿದೆ, ಬ್ಯಾಂಕಿಗೆ ಹೋದರಾ, ಇಷ್ಟು ನೋಡುವವಳು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದೊಯ್ಯುವುದು ಅವಳ ಕೆಲಸ. ರಾತ್ರಿ ಏನಾದರೂ ಆದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416, ಗಲಾಟೆಯಾದರೆ 112. ಎರಡೂ ನಂಬರನ್ನು ದಪ್ಪ ಅಕ್ಷರದಲ್ಲಿ ಗೋಡೆಗೆ ಅಂಟಿಸಿ. ಅವಳ ಸಂಬಳವನ್ನು ಬಾಡಿಗೆಯ ಜೊತೆಗೇ ಅಂದಾಜು ಪಟ್ಟಿಯಲ್ಲಿ ಬರೆಯಿರಿ. ಮನೆಗೆ ದುಡ್ಡು ಮಂಜೂರಾಗಿ ಅವಳಿಗೆ ಆಗದಿದ್ದರೆ ಆ ಮನೆ ಆರು ತಿಂಗಳೂ ನಿಲ್ಲುವುದಿಲ್ಲ.

ಒಂದು ತಾರೀಕು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿ: ಕರಾರು ಹನ್ನೊಂದು ತಿಂಗಳದು, ಒಂಬತ್ತನೇ ತಿಂಗಳಲ್ಲೇ ಓನರ್ ಜೊತೆ ಮಾತಾಡಿರಬೇಕು. ನಾನು ಮರೆತಿದ್ದೆ. ಸಂಜೆ ಫೋನು ಬಂತು, ಅಗುಳಿ ನೋಡಲು ಏಳುತ್ತಿದ್ದರಲ್ಲ, ಅವರೇ. "ಅಗ್ರಿಮೆಂಟು ಮುಗೀತಾ ಬಂತಂತೆ ಕಣಕ್ಕ. ಓನರಮ್ಮ ಇನ್ನೂರು ಜಾಸ್ತಿ ಕೇಳ್ತಾವರೆ. ನೂರೈವತ್ತು ಅಂತ ನಾ ಹೇಳಿವ್ನಿ, ನೀ ಬಂದು ಜಾಸ್ತಿ ಒಪ್ಕೊಂಡ್ಬಿಡಬೇಡ."